ಇಟ್ಟಿಗೆಯ ವಿಶ್ವವಿದ್ಯಾನಿಲಯದಲ್ಲಿ ತಂಗಿಯ ಕ್ಯಾಂಟೀನು

ಗೇಟುಮನೆ, ಬೆಳಗ್ಗೆ

ಆ ಶನಿವಾರವೂ ಐದೂವರೆಗೇ ಎದ್ದೆವು. ಸ್ಕಾಟ್ಲೆಂಡಿನ ಮೇ ತಿಂಗಳ ಸೂರ್ಯ ನಮಗಿಂತ ಮೊದಲು ಎದ್ದು ಕೂತಿರುತ್ತಾನೆ. ಪರದೆ ಎಷ್ಟು ಎಳೆದರೂ ಸಂದಿಯಿಂದ ನೇರ ಕಣ್ಣಿಗೇ ಬರುತ್ತಾನೆ. ತಂಗಿ ಸರಸು ಮುಂದೆ, ನಾನು ಹಿಂದೆ, ಮನೆಯಿಂದ ಸುತ್ತುಬಳಸಿ ಐದು ನಿಮಿಷ ನಡೆದು ವಿಶ್ವವಿದ್ಯಾನಿಲಯದ ಗೇಟಿಗೆ ಬಂದೆವು. ಹಿತ್ತಲಿನ ಗೋಡೆ ಹಾರಿದರೆ ಅರ್ಧ ನಿಮಿಷದ ದಾರಿ. ಆದರೆ ಸೀರೆ ಉಟ್ಟುಕೊಂಡು ಗೋಡೆ ಹಾರುವ ವಯಸ್ಸು ನನ್ನದಲ್ಲ.

ಗೇಟಿನ ಪಕ್ಕ, ಹಿಂದಿನ ಕಾಲದಲ್ಲಿ ಕಾವಲುಗಾರ ವಾಸವಿದ್ದ ಪುಟ್ಟ ಕಲ್ಲಿನ ಮನೆ ಇದೆ. ಅದೇ ಸರಸುವಿನ ಕ್ಯಾಂಟೀನು. ಒಂಬತ್ತು ವರ್ಷದಿಂದ ವಿಶ್ವವಿದ್ಯಾನಿಲಯದಿಂದ ಬಾಡಿಗೆಗೆ ಹಿಡಿದು ನಡೆಸುತ್ತಿದ್ದಾಳೆ. ಕೀಲಿ ತಿರುಗಿಸುವಾಗ ಬಾಗಿಲಿಗೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು. ಅವಳ ಎಲ್ಲಾ ಪ್ಯಾಂಟುಗಳ ಬಲ ಮೊಣಕಾಲು ಮಾತ್ರ ಸವೆದಿರುವುದಕ್ಕೆ ಅದೇ ಕಾರಣ.

ನಾನು ಹಿಂದಿನ ದಿನದ ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ ರೊಟ್ಟಿಗೆ ನಾದಿದೆ. ಅವಳು ಸೂಪಿಗೆ ಕ್ಯಾರೆಟ್ ಹೆಚ್ಚಿ, ನಾಪೋಕ್ಲಿನ ನಮ್ಮ ತೋಟದ ಕಾಳುಮೆಣಸು ಕುಟ್ಟಿದಳು. ಅಲ್ಲಿನ ಪ್ರೊಫೆಸರುಗಳಿಗೆ ಆ ಸೂಪು ಬೇಕೇ ಬೇಕು. ಮೂಗು ಒರೆಸಿಕೊಳ್ಳುತ್ತಾ ಕುಡಿದು ಇನ್ನೊಂದು ಬಟ್ಟಲು ಕೇಳುತ್ತಾರೆ. ಅಕ್ಕಿರೊಟ್ಟಿಯನ್ನು ಅವರು ಚಾಕುವಿನಲ್ಲಿ ಕೊಯ್ದು, ಮುಳ್ಳುಚಮಚದಲ್ಲಿ ಚುಚ್ಚಿ ತಿನ್ನುವುದನ್ನು ನೋಡಿ ಮೊದಲ ದಿನ ನನಗೆ ಅಳುವೇ ಬಂದಿತ್ತು.

ಒಟ್ಟಿನಲ್ಲಿ ಎಲ್ಲ ದಿನಗಳಂತೆ ಒಂದು ದಿನ. ವ್ಯತ್ಯಾಸ ಒಂದೇ. ರೊಟ್ಟಿ ತುಂಬುವ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಅಂದು ರೊಟ್ಟಿ ಇರಲಿಲ್ಲ. ಟವೆಲಿನಲ್ಲಿ ಸುತ್ತಿಟ್ಟ ಒಂದು ಪ್ಲಾಸ್ಟಿಕ್ ಮನೆ ಇತ್ತು. ನಾನೇ ಕಟ್ಟಿದ್ದು. ಯಾಕೆ ಕಟ್ಟಿದೆ ಎಂದು ಹೇಳುತ್ತೇನೆ. ವಿಶ್ವವಿದ್ಯಾನಿಲಯದ ಹೆಸರು ಮಾತ್ರ ಹೇಳುವುದಿಲ್ಲ. ನಾನು ಊರಿಗೆ ಬಂದಾಯಿತು, ತಂಗಿ ಇನ್ನೂ ಅಲ್ಲೇ ಬಾಳಬೇಕು. ಹೋಗಿ ಬಂದವರು ಕೋಟೆ ಕೊತ್ತಲಗಳ ಬಗ್ಗೆ ಬರೆಯುತ್ತಾರೆ. ನಾನೂ ಎರಡು ಕೋಟೆ ನೋಡಿದ್ದೇನೆ. ಆದರೆ ಅವುಗಳ ಮೇಲೆ ನನಗೆ ಸಿಟ್ಟಿಲ್ಲವಾದ್ದರಿಂದ ನೆನಪೂ ಹೆಚ್ಚಿಲ್ಲ.

ಹಳೆಯ ವ್ಯಾಯಾಮಶಾಲೆ

ಕಾಫಿ ಕುಯ್ಲು ಮುಗಿದು, ಮೆಣಸು ಒಣಗಿಸಿ ಚೀಲ ಕಟ್ಟಿದ ಮೇಲೆ ನಾನು ಹೊರಟದ್ದು. ಸರಸು ಎಷ್ಟೋ ವರ್ಷದಿಂದ ಕರೆಯುತ್ತಿದ್ದಳು. ಅವಳ ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ ಕೆಲಸ, ಮಾತಿಗೆ ಸಿಗುವುದೇ ಕಡಿಮೆ. ನಾನು ಹೋದ ಮರುದಿನವೇ ಅವಳು, "ಅಕ್ಕ, ಇಲ್ಲೊಂದು ತಮಾಷೆ ತೋರಿಸ್ತೇನೆ ಬಾ" ಎಂದು ಕ್ಯಾಂಪಸ್ಸಿನ ಹಳೆಯ ವ್ಯಾಯಾಮಶಾಲೆಗೆ ಕರೆದೊಯ್ದಳು.

ಒಳಗೆ ಮೇಜುಗಳನ್ನು ಒಂದಕ್ಕೊಂದು ತಾಗಿಸಿ, ನಮ್ಮ ಕಾಫಿ ಕಣದ ಕಾಲು ಭಾಗದಷ್ಟು ಜಾಗ ಮಾಡಿದ್ದರು. ಅದರ ಮೇಲೆ ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಇಡೀ ವಿಶ್ವವಿದ್ಯಾನಿಲಯವನ್ನು ಕಟ್ಟುತ್ತಿದ್ದರು. ಕಟ್ಟುತ್ತಿದ್ದವರು ಮಕ್ಕಳಲ್ಲ. ನರೆತ ಗಡ್ಡದ ಪ್ರೊಫೆಸರುಗಳು, ಲೈಬ್ರರಿಯವರು, ಒಬ್ಬ ಪಾದ್ರಿ. ಮೇ ಕೊನೆಯ ಶನಿವಾರ ಊರವರಿಗೆಲ್ಲ ಕ್ಯಾಂಪಸ್ ತೆರೆದಿಡುತ್ತಾರಂತೆ, ಅಂದು ಇದರ ಪ್ರದರ್ಶನ. ಮುಖ್ಯಸ್ಥರು ಡಂಕನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು. ಅವರ ಸ್ವೆಟರಿನ ಮೇಲೆ ಸದಾ ಬಿಸ್ಕತ್ತಿನ ಪುಡಿ.

ಮೊದಲು ನನಗೆ ನಗು ಬಂತು. ಬಗ್ಗಿ ನೋಡಿದ ಮೇಲೆ ನಗು ನಿಂತಿತು. ಗಡಿಯಾರದ ಗೋಪುರದಲ್ಲಿ ನಿಜವಾದ ಗಡಿಯಾರ ನಾಲ್ಕೂ ಹತ್ತಕ್ಕೆ ಕೆಟ್ಟು ನಿಂತಿದೆ. ಮಾದರಿಯಲ್ಲೂ ನಾಲ್ಕೂ ಹತ್ತು. ಕೊಳದಲ್ಲಿ ಮೂರು ಬಾತು. ಸಸ್ಯಶಾಸ್ತ್ರ ವಿಭಾಗದ ಎದುರಿನ ಬೆಂಚಿನ ಒಂದು ಕಾಲು ಮುರಿದಿದೆ. ಇಲ್ಲೂ ಮುರಿದಿದೆ. ಡಂಕನ್ ನನಗೆ ಲೆಕ್ಕ ಹೇಳಿಕೊಟ್ಟರು. ಇಟ್ಟಿಗೆಯ ತಲೆಯ ಮೇಲೆ ಪುಟ್ಟ ಗುಂಡಿಗಳಿರುತ್ತವಲ್ಲ, ಒಂದು ಗುಂಡಿ ಎಂದರೆ ನೆಲದ ಮೇಲೆ ಮನುಷ್ಯನ ಒಂದು ದೊಡ್ಡ ಹೆಜ್ಜೆ. ಎಲ್ಲ ಕಟ್ಟಡಕ್ಕೂ ಅದೇ ಅಳತೆ. ನಾನು ತಲೆಯಾಡಿಸಿದೆ. ಕಾನ್ವೆಂಟಿನಲ್ಲಿ ಗಣಿತದ ಪೀರಿಯಡ್ಡಿನಲ್ಲೂ ಹೀಗೆಯೇ ಆಡಿಸುತ್ತಿದ್ದೆ.

ಇಟ್ಟಿಗೆಗಳೆಲ್ಲ ಊರವರು ದಾನ ಕೊಟ್ಟದ್ದು. ಮೂಟೆಗಟ್ಟಲೆ ಬಂದಿತ್ತು, ನಾಯಿಕೂದಲು, ಅಂಟುಮಿಠಾಯಿ ಸಮೇತ. ಅದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ನನ್ನಿಂದ ಆಗಲಿಲ್ಲ. ಬಕೆಟ್ಟಿನಲ್ಲಿ ಸೋಪುನೀರು ಮಾಡಿ ತೊಳೆದೆ. ಒಣಗಿದ ಮೇಲೆ, ಸರಸು ಊರಿಂದ ಒಯ್ದಿದ್ದ ಮೊರ ತರಿಸಿಕೊಂಡು ನೆಲದ ಮೇಲೆ ಕೂತು, ಕಾಫಿಬೀಜ ಆರಿಸುವ ಹಾಗೆ ಆರಿಸಲು ತೊಡಗಿದೆ. ಅವರು ಬೂದು ಬಣ್ಣವನ್ನೆಲ್ಲ ಒಂದೇ ಡಬ್ಬಿಗೆ ಸುರಿಯುತ್ತಿದ್ದರು. ಬೂದು ಬಣ್ಣದಲ್ಲೇ ಎಷ್ಟು ಬಗೆ! ಬಿಸಿಲಿಗೆ ಹಳದಿಯಾದದ್ದು, ನೀಲಿಗೆ ತಿರುಗಿದ್ದು, ಹೊಸದು. ಬೇರೆ ಬೇರೆ ಮಾಡಿ ಇಟ್ಟೆ. ಹಳದಿ ಹೊಡೆದದ್ದನ್ನು ಹಳೆಯ ಪ್ರಾರ್ಥನಾ ಮಂದಿರಕ್ಕೆ ಹಾಕಿದಾಗ ಗೋಡೆ ನಿಜವಾಗಿ ನೂರಾರು ಮಳೆ ಕಂಡ ಕಲ್ಲಿನಂತೆ ಕಂಡಿತು. ಡಂಕನ್ ಮೊಣಕಾಲೂರಿ ಕೂತು ನನ್ನ ಮೊರವನ್ನೇ ನೋಡಿದರು.

"ಇದನ್ನು ಎಲ್ಲಿ ಕಲಿತಿರಿ ಮೇಡಂ?"

"ಅತ್ತೆಯ ಹತ್ತಿರ" ಎಂದೆ. ಅತ್ತೆ ಎಂದು ಕನ್ನಡದಲ್ಲೇ ಹೇಳಿದ್ದರಿಂದ ಅದೊಂದು ವಿಶ್ವವಿದ್ಯಾನಿಲಯ ಎಂದುಕೊಂಡರೋ ಏನೋ, ಗೌರವದಿಂದ ತಲೆಬಾಗಿದರು.

ಪ್ರತಿ ಕಟ್ಟಡಕ್ಕೂ ಕಚೇರಿಯಿಂದ ಒಂದು ಹಾಳೆ ಬರುತ್ತಿತ್ತು. ಯಾವ ಇಟ್ಟಿಗೆ ಎಷ್ಟು, ಯಾವುದರ ಮೇಲೆ ಯಾವುದು ಎಂದು ಅದರಲ್ಲಿ ಇರುತ್ತಿತ್ತು. ಹಾಳೆ ನೋಡಿ ಇಟ್ಟಿಗೆ ಆರಿಸಿ ಕೊಡುವುದು ನನ್ನ ಕೆಲಸವಾಯಿತು. ಮಧ್ಯಾಹ್ನ ಅವರೆಲ್ಲ ಸರಸುವಿನ ಕ್ಯಾಂಟೀನಿಗೇ ಊಟಕ್ಕೆ ಬರುತ್ತಿದ್ದರು. "ಒಳ್ಳೆಯ ಕೆಲಸ ಮಾಡ್ತಿದ್ದಾರೆ ಪಾಪ" ಎಂದು ಅವಳು ಅವರಿಗೆ ಸೂಪು ಪುಕ್ಕಟೆ ಬಡಿಸುತ್ತಿದ್ದಳು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಗೇಟಿನ ಹಾಳೆ ಬಂತು. ಗೇಟಿನ ಕಂಬ ಇತ್ತು. ಕಂಬದ ಮೇಲಿನ ಕಲ್ಲಿನ ಚೆಂಡು ಇತ್ತು. ಅಂಚೆಯ ಕೆಂಪು ಡಬ್ಬಿ ಇತ್ತು. ಡಬ್ಬಿಗೆ ಒರಗಿಸಿದ ಸೈಕಲ್ಲು ಕೂಡ ಇತ್ತು. ಅದರ ಪಕ್ಕ, ತಂಗಿಯ ಕ್ಯಾಂಟೀನು ಇರಬೇಕಾದ ಜಾಗದಲ್ಲಿ, ಹಸಿರು ಬಿಲ್ಲೆಗಳು. ಹುಲ್ಲು.

ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಕೊನೆಗೆ ಡಂಕನ್ ಹತ್ತಿರ ಹೋಗಿ, ಗೇಟುಮನೆಯ ಹಾಳೆ ಬರಲಿಲ್ಲವಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿ, ಮತ್ತೆ ತೆಗೆದು ಒರೆಸಿದರು. "ಹಾಳೆ ನಾನು ಬರೆಯುವುದಲ್ಲ. ಫಿಯೋನಾಳನ್ನು ಕೇಳಿ" ಎಂದರು.

ಫಿಯೋನಾ ಕಚೇರಿಯ ಪರವಾಗಿ ಇದನ್ನೆಲ್ಲ ನೋಡಿಕೊಳ್ಳುವ ಹೆಂಗಸು. ಅವಳು ಆಗ ಎಲ್ಲಿದ್ದಳು ಎಂದರೆ, ಸರಸುವಿನ ಕ್ಯಾಂಟೀನಿನಲ್ಲೇ, ಬಟ್ಟಲಿನ ತಳದ ಸೂಪನ್ನು ರೊಟ್ಟಿಯ ಚೂರಿನಿಂದ ಒರೆಸುತ್ತಾ ಕೂತಿದ್ದಳು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದಂತೆ ಮೊದಲು ಅನುಮತಿ ಕೇಳಿ, ಆಮೇಲೆ ಪ್ರಶ್ನೆ ಕೇಳಿದೆ.

"ಓ, ಅದಾ!" ಎಂದಳು. "ಮಾದರಿ ಮುಂದಿನ ವರ್ಷಗಳ ಕ್ಯಾಂಪಸ್ಸನ್ನು ತೋರಿಸುತ್ತದೆ, ಡಿಯರ್. ಆ ಜಾಗದ ಬಗ್ಗೆ ಇನ್ನೂ ಏನೂ ತೀರ್ಮಾನ ಆಗಿಲ್ಲ."

ತೀರ್ಮಾನ ಆಗಿಲ್ಲವಂತೆ. ಹುಲ್ಲು ಮಾತ್ರ ಬೆಳೆದಾಗಿದೆ! ಮುಂದಿನ ವರ್ಷಗಳ ಕ್ಯಾಂಪಸ್ಸಿನಲ್ಲಿ ಕೆಟ್ಟ ಗಡಿಯಾರ ಹಾಗೇ ಕೆಟ್ಟಿರುತ್ತದೆ, ಮುರಿದ ಬೆಂಚು ಮುರಿದೇ ಇರುತ್ತದೆ, ಮೂರು ಬಾತುಗಳಿಗೂ ಆಯುಸ್ಸು ಗಟ್ಟಿ. ಇಲ್ಲದಿರುವುದು ನನ್ನ ತಂಗಿ ಒಬ್ಬಳೇ. ಅದನ್ನು ಹೇಳಿದವಳು ಬಟ್ಟಲನ್ನು ತೊಳೆದಷ್ಟು ಚೊಕ್ಕಟವಾಗಿ ಒರೆಸಿ, "ಇವತ್ತು ಮೆಣಸು ಬಹಳ ಚೆನ್ನಾಗಿದೆ" ಎಂದು ಎದ್ದುಹೋದಳು.

ಸರಸುವಿನ ಅಡುಗೆಮನೆ

ಸಂಜೆ ಸರಸುವಿಗೆ ಹೇಳಿದೆ. ಅವಳು ಪಾತ್ರೆ ಉಜ್ಜುತ್ತಿದ್ದಳು, ಉಜ್ಜುತ್ತಲೇ ಇದ್ದಳು.

"ಮರೆತಿರ್ಬೇಕು ಅಕ್ಕ."

"ಬಾತುಕೋಳಿ ನೆನಪಿದ್ದವರಿಗೆ ನೀನು ಮರೆತುಹೋದೆಯಾ?"

ಆಗ ಬಾಯಿಬಿಟ್ಟಳು. ಬಾಡಿಗೆಯ ಕರಾರು ವರ್ಷಕ್ಕೊಮ್ಮೆ ಮುಂದುವರಿಯುತ್ತದೆ. ಪ್ರತಿ ಏಪ್ರಿಲಿನಲ್ಲಿ ಅದಕ್ಕೊಂದು ಕಾಗದ ಬರುತ್ತದೆ. ಈ ವರ್ಷ ಏಪ್ರಿಲ್ ಕಳೆದು ಮೇ ಅರ್ಧವಾದರೂ ಬಂದಿರಲಿಲ್ಲ.

"ಮತ್ತೆ ಹೋಗಿ ಕೇಳುವುದಲ್ವ ಮಾರಾಯ್ತಿ?"

"ಕೇಳಿದ್ರೆ ಇಲ್ಲ ಅಂದುಬಿಟ್ರೆ? ಕೇಳದಿದ್ರೆ ಇನ್ನೂ ಉಂಟು ಅಂತ ಅಲ್ವ ಅಕ್ಕ?"

ನನಗೆ ಅವಳ ಮೇಲೂ ಸಿಟ್ಟು ಬಂತು. ಚಿಕ್ಕಂದಿನಲ್ಲಿ ಮಡಿಕೇರಿಯಲ್ಲಿ ಪರೀಕ್ಷೆಯ ಫಲಿತಾಂಶ ಅಂಟಿಸಿದ ಬೋರ್ಡಿನ ಹತ್ತಿರವೂ ಹೀಗೇ ನಿಂತವಳು ಇವಳು, ಬೆನ್ನು ಹಾಕಿಕೊಂಡು. ಹೋಗಿ ನೋಡಿ ಬರುತ್ತಿದ್ದದ್ದು ನಾನು.

ನಾಪೋಕ್ಲು, ಫೋನಿನಲ್ಲಿ

ಮರುದಿನ ಬೆಳಗ್ಗೆ ಯಜಮಾನರಿಗೆ ಫೋನ್ ಮಾಡಿ ಈ ಅನ್ಯಾಯವನ್ನೆಲ್ಲ ಬಣ್ಣಿಸಿದೆ. ಕೆಲಸ ಮಾಡುವವರನ್ನು ನಕ್ಷೆಯಿಂದಲೇ ಅಳಿಸುವ ಜನ ಎಲ್ಲಾದರೂ ಉಂಟೇ ಎಂದೆ. ಹೇಳುತ್ತಿರುವಾಗಲೇ ನಮ್ಮ ಜಗಲಿಯ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗಿಬಿಟ್ಟಿರುವ ನಕ್ಷೆ ನೆನಪಾಯಿತು. ಮಾವನವರು ತೋಟವನ್ನು ಅಳೆಸಿ ಬರೆಸಿದ್ದು.

"ರೀ, ಸ್ವಲ್ಪ ಎದ್ದು ಎಸ್ಟೇಟಿನ ನಕ್ಷೆ ನೋಡಿ. ಅದರಲ್ಲಿ ಲೈನು ಉಂಟಾ?" ಲೈನು ಎಂದರೆ ನಮ್ಮಲ್ಲಿ ತೋಟದ ಆಳುಗಳು ವಾಸವಿರುವ ಸಾಲುಮನೆ.

ಚಪ್ಪಲಿಯ ಸದ್ದು ಹೋಯಿತು, ಬಂತು.

"ಇಲ್ಲ ಕಣೇ. ಕಣ ಉಂಟು, ಕೆರೆ ಉಂಟು, ಕಾಫಿಹಣ್ಣಿನ ಪಲ್ಪರ್ ಉಂಟು. ನಾಯಿಗೂಡು ಉಂಟು."

"ನಾಯಿಗೂಡು?"

"ಹೆಸರೂ ಬರ್ದುಂಟು. ಟೈಗರ್ ಅಂತ."

ಮದುವೆಯಾಗಿ ಬಂದ ದಿನದಿಂದ ಆ ನಕ್ಷೆಯ ಗಾಜಿನ ಧೂಳು ಒರೆಸಿದವಳು ನಾನು. ಲೈನು ಇಲ್ಲದ್ದು ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಿಟ್ಟು ಕಡಿಮೆಯಾಯಿತೇ ಎಂದರೆ, ಇಲ್ಲ. ಅದರಲ್ಲಿ ಪಾಲು ಹಂಚಿಕೊಳ್ಳಲು ಇನ್ನೊಬ್ಬಳು ಸಿಕ್ಕಿದಳು, ನಾನೇ, ಅಷ್ಟೆ. ಲೈನನ್ನು ನಾನು ವಾಪಸು ಬಂದ ಮೇಲೆ ಬರೆಸುತ್ತೇನೆ, ಕ್ಯಾಂಟೀನನ್ನು ಈಗಲೇ ಕಟ್ಟುತ್ತೇನೆ ಎಂದುಕೊಂಡೆ.

ಕ್ಯಾಂಟೀನಿನ ಮೂಲೆಯ ಮೇಜು

ಕಟ್ಟಡಗಳಿಗೆ ಬೇಡವಾಗಿ ನಾನೇ ಆರಿಸಿ ತೆಗೆದಿಟ್ಟಿದ್ದ ಇಟ್ಟಿಗೆ ಒಂದು ಚೀಲ ಇತ್ತು. ಮೂಲೆ ಕಚ್ಚಿದ್ದು, ಗೀಚಿದ್ದು, ಬಣ್ಣ ಕೆಟ್ಟದ್ದು. ಡಂಕನ್ ಅವರಲ್ಲಿ ಅದನ್ನು ತೆಗೆದುಕೊಳ್ಳಲೇ ಎಂದು ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. "ಖಂಡಿತ" ಎಂದು ಅವರೇ ಚೀಲ ಎತ್ತಿ ಬಾಗಿಲವರೆಗೆ ತಂದುಕೊಟ್ಟರು.

ಮೂರು ಗಂಟೆಗೆ ಕ್ಯಾಂಟೀನು ಮುಚ್ಚಿದ ಮೇಲೆ ಮೂಲೆಯ ಮೇಜಿನಲ್ಲಿ ಕೂತು ಕಟ್ಟಿದೆ. ಹಾಳೆ ಇಲ್ಲ, ಲೆಕ್ಕ ಇಲ್ಲ. ಎದುರಿಗೇ ನಿಜವಾದ ಗೋಡೆ ಇತ್ತಲ್ಲ, ನೋಡಿ ನೋಡಿ ಕಟ್ಟಿದೆ. ಮನೆ ಕಟ್ಟುವುದು ಬಾಗಿಲಿನಿಂದ ಶುರು. ಮಾದರಿಯಲ್ಲಿ ಅಲ್ಲಲ್ಲಿ ಪುಟ್ಟ ಪ್ಲಾಸ್ಟಿಕ್ ಬೊಂಬೆಗಳನ್ನು ನಿಲ್ಲಿಸಿದ್ದರು. ಅಂಥದ್ದೊಂದನ್ನು ತಂದು, ಅದು ತಲೆ ತಾಗಿಸಿಕೊಳ್ಳದೆ ಒಳಗೆ ಹೋಗುವಷ್ಟು ಬಾಗಿಲು ಇಟ್ಟೆ. ಬಾಗಿಲಿಗೆ ತಕ್ಕ ಗೋಡೆ, ಗೋಡೆಗೆ ತಕ್ಕ ಮಾಡು.

ಸರಸು ಮೊದಲ ಎರಡು ದಿನ ನೋಡಿಯೂ ನೋಡದವಳಂತೆ ನೆಲ ಒರೆಸಿದಳು. ಮೂರನೆಯ ದಿನ ಬಕೆಟ್ ಕೆಳಗಿಟ್ಟಳು.

"ಎಂತಕ್ಕ ಇದು, ಬಾಗಿಲು ಎಡಕ್ಕೆ ಇಟ್ಟಿದ್ದೀಯಲ್ಲ? ನಮ್ಮ ಬಾಗಿಲು ಎಡಕ್ಕಾ ಉಂಟು?"

"ಒಳಗಿಂದ ನೋಡಿದರೆ ಎಡ."

"ಗಿರಾಕಿ ಹೊರಗಿಂದ ಬರುದು, ಒಳಗಿಂದ ಅಲ್ಲ. ಆಚೆ ಸರಿ. ಒಂಬತ್ತು ವರ್ಷ ಮೊಣಕಾಲು ಕೊಟ್ಟವಳು ನಾನು."

ಆಮೇಲೆ ಕಟ್ಟಿದ್ದು ಬಹುಪಾಲು ಅವಳೇ. ಚಿಮಣಿಯ ಬಾಯಿಗೆ ಬಿದ್ದ ಬಿರುಕು ಕೂಡ ಬಿಡಲಿಲ್ಲ. ಕಿಟಕಿಗೆ ಒಂದು ಹಳದಿ ಇಟ್ಟಿಗೆ ಸಿಕ್ಕಿಸಿ, "ಇದು ಲೈಟು. ಚಳಿಗಾಲ ಮೂರೂವರೆಗೇ ಕತ್ತಲೆ ಆಗ್ತದೆ ಇಲ್ಲಿ. ಆಗ ಗೇಟಿಂದ ಬರುವವರಿಗೆ ಮೊದಲು ಕಾಣುದು ಇದು" ಎಂದಳು. ಹಾಗೆ ಹೇಳುವಾಗ ಅವಳ ಮೂಗಿನ ತುದಿ ಕೆಂಪಾಗಿತ್ತು. ಚಿಕ್ಕಂದಿನಲ್ಲೂ ಸಿಟ್ಟು ಬಂದರೆ ಅವಳಿಗೆ ಮೂಗು ಕೆಂಪಾಗುವುದು. ನನಗೆ ಸಮಾಧಾನವಾಯಿತು.

ವ್ಯಾಯಾಮಶಾಲೆ, ಹನ್ನೊಂದು ಗಂಟೆ

ಪ್ರದರ್ಶನದ ದಿನ ಸ್ಟೀಲ್ ಡಬ್ಬಿ ಹಿಡಿದು ಹೋದೆವು. ಒಳಗೆ ಊರಿಗೆ ಊರೇ ಇತ್ತು. ಆದರೂ ಗದ್ದಲವಿಲ್ಲ. ಅಲ್ಲಿಯವರು ಸಾಲು ಕಟ್ಟಿಕೊಂಡು, ಒಬ್ಬರನ್ನೊಬ್ಬರು ತಾಗದೆ ಮೇಜಿನ ಸುತ್ತ ಸರಿಯುತ್ತಾರೆ. ನಮ್ಮ ನಾಪೋಕ್ಲಿನ ಬಸ್ಸಿಗೆ ಒಂದು ದಿನ ಹತ್ತಿಸಬೇಕು ಇವರನ್ನು.

ನಾವೂ ಸಾಲಿನಲ್ಲಿ ಸರಿದು ಗೇಟಿನ ಎದುರು ಬಂದೆವು. ಟವೆಲ್ ಬಿಚ್ಚಿ, ಪಕ್ಕದಲ್ಲಿದ್ದವರಿಗೆ "ಕ್ಷಮಿಸಿ" ಎಂದು, ಹಸಿರು ಬಿಲ್ಲೆಗಳ ಮೇಲಿಟ್ಟು ಒತ್ತಿದೆ. ಟಕ್ ಎಂದು ಕೂತಿತು.

ಆಗಲೇ ನನಗೆ ಗೊತ್ತಾದದ್ದು. ನಮ್ಮ ಕ್ಯಾಂಟೀನು ಹುಲ್ಲಿನ ಜಾಗ ದಾಟಿ, ರಸ್ತೆಯನ್ನು ಪೂರ್ತಿ ಆಕ್ರಮಿಸಿ, ಲೈಬ್ರರಿಯ ಮೆಟ್ಟಿಲ ಮೇಲೆ ಒಂದು ಮೂಲೆ ಊರಿತ್ತು. ಅದರ ಮಾಡು ಲೈಬ್ರರಿಯ ಮಾಡಿಗಿಂತ ಎತ್ತರ! ಆ ಬೊಂಬೆಗಳನ್ನು ಮಕ್ಕಳ ಖುಷಿಗೆ ನಿಲ್ಲಿಸಿದ್ದಂತೆ, ಅಳತೆಗೆ ಅಲ್ಲವಂತೆ. ಗಡಿಯಾರದ ಗೋಪುರದ ಬಾಗಿಲಲ್ಲೂ ಆ ಬೊಂಬೆಯ ಕಾಲು ತೂರುವುದಿಲ್ಲ. ಇಷ್ಟು ದಿನ ಆ ಬಾಗಿಲುಗಳಿಗೆ ಇಟ್ಟಿಗೆ ಆರಿಸಿ ಕೊಟ್ಟವಳು ನಾನು. ಆದರೆ ಆಳು ಹೋಗಲಾಗದ ಬಾಗಿಲನ್ನು ಯಾರಾದರೂ ಬೇಕೆಂದೇ ಇಡುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ.

"ಅಯ್ಯೋ ಅಕ್ಕ" ಎಂದು ಸರಸು ನನ್ನ ಸೆರಗು ಹಿಡಿದಳು. "ತೆಗಿ, ತೆಗಿ."

ಯಾರೋ ನಕ್ಕರು. ಫಿಯೋನಾ ಓಡಿಬಂದಳು. ಅವಳ ಹಿಂದೆಯೇ, ಊರವರಿಗೆ ಮಾದರಿ ತೋರಿಸುತ್ತಿದ್ದ ಕುಲಪತಿಗಳೂ ಬಂದರು. ಎತ್ತರದ ಮನುಷ್ಯ, ಮಾತು ಮೆಲ್ಲಗೆ.

"ಇದು ಯಾವ ಕಟ್ಟಡ? ಇಷ್ಟು ದೊಡ್ಡದು ನಮ್ಮಲ್ಲಿ ಇದೆಯೇ?"

ನಾನು ಬಾಯಿ ತೆರೆಯುವ ಮೊದಲೇ ಸರಸು ಸೆರಗು ಬಿಟ್ಟಳು.

"ಸರ್, ಇದು ಗೇಟುಮನೆ. ಮಂಗಳವಾರ ನೀವು ಸೂಪಿಗೆ ಬರುವ ಜಾಗ. ಅಳತೆ ತಪ್ಪಿದ್ದು ನಮ್ಮದು. ಆದರೆ ನಿಮ್ಮ ಮಾದರಿಯಲ್ಲಿ ಇದು ಇರಲೇ ಇಲ್ಲ. ಯಾಕೆ ಅಂತ ಒಬ್ಬರಾದರೂ ಹೇಳಬೇಕು."

ಕುಲಪತಿಗಳು ಫಿಯೋನಾಳ ಕಡೆ ನೋಡಿದರು. ಅವಳು ತಗ್ಗಿದ ದನಿಯಲ್ಲಿ, ಜೂನಿನಲ್ಲಿ ಪತ್ರ ಕಳುಹಿಸುವವರಿದ್ದೆವು, ಸೆಪ್ಟೆಂಬರಿನಿಂದ, ಎಂದು ನಿಲ್ಲಿಸಿದಳು.

"ಸೆಪ್ಟೆಂಬರಿನಿಂದ ಏನು?" ಎಂದೆ ನಾನು. ಕಾನ್ವೆಂಟಿನಲ್ಲಿ ಅರ್ಧಕ್ಕೆ ನಿಲ್ಲಿಸಿದ ವಾಕ್ಯ ಮುಗಿಸುವವರೆಗೆ ಕೂರಲು ಬಿಡುತ್ತಿರಲಿಲ್ಲ.

"ಬಾಡಿಗೆ ಮುಂದುವರಿಯುವುದಿಲ್ಲ. ಅಲ್ಲಿ ಹುಲ್ಲುಹಾಸು ಮಾಡುವ ಯೋಜನೆ ಇದೆ."

ತಾಗದೆ ಸರಿಯುವ ಸಾಲು ಸರಿಯುವುದನ್ನು ನಿಲ್ಲಿಸಿತ್ತು. ಸರಸುವಿನ ಮೂಗು ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ. "ಒಂಬತ್ತು ವರ್ಷ ಆಯ್ತು ಸರ್. ಇದನ್ನು ನನಗೆ ಆಟದ ಸಾಮಾನು ಹೇಳಬೇಕಾಯ್ತಾ?"

ಕುಲಪತಿಗಳು ಕ್ಷಮೆ ಕೇಳಿದರು. ಅಲ್ಲಿಯವರು ಕ್ಷಮೆ ಬಹಳ ಚೆನ್ನಾಗಿ ಕೇಳುತ್ತಾರೆ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೂ ಕೇಳುತ್ತಾರೆ. ಹಾಗಾಗಿ ನಾನು ಅದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. ಆದರೆ ಮುಂದಿನ ಮಂಗಳವಾರ ಸರಸುವನ್ನು ಕೂರಿಸಿಕೊಂಡು ಮಾತಾಡುವವರೆಗೆ ಯಾವ ಪತ್ರವೂ ಹೋಗಬಾರದು ಎಂದು ಫಿಯೋನಾಳಿಗೆ ನಮ್ಮೆದುರೇ ಹೇಳಿದರು. ಹುಲ್ಲು ಬೇಡ ಎಂದು ಅವರು ಹೇಳಲಿಲ್ಲ. ಅದನ್ನೂ ಗಮನಿಸಿದೆ.

ಫಿಯೋನಾ ನಮ್ಮ ಮನೆಯನ್ನು ಕೀಳಲು ಕೈ ಹಾಕಿದಾಗ ಡಂಕನ್ ಅಡ್ಡ ಬಂದರು. "ಮುಟ್ಟಬೇಡ. ಬಿಗಿಯಾಗಿ ಕೂತಿದೆ. ಕಿತ್ತರೆ ಲೈಬ್ರರಿಯ ಮೆಟ್ಟಿಲೂ ಬರುತ್ತದೆ." ಹಾಗೆಲ್ಲ ಬರುವುದಿಲ್ಲ ಎಂದು ಆ ಕೋಣೆಯಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಬೇಲಿಯ ಹತ್ತಿರ, ಸಂಜೆ

ಮನೆಗೆ ಬಂದು ಕಾಲು ನೀಡಿ ಕೂತೆವು. ಸರಸು ಕಾಫಿ ಮಾಡಿದಳು, ಕುಡಿಯಲು ಮರೆತಳು. ಮಂಗಳವಾರ ಕುಲಪತಿಗಳ ಎದುರು ಏನು ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಹೋಗುವುದೋ ಉಳಿಯುವುದೋ, ಈಗಲೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಈ ಸಲ ಬೋರ್ಡಿಗೆ ಬೆನ್ನು ಹಾಕಿ ನಿಂತಿರಲಿಲ್ಲ.

ಒಣಗಿದ ಬಟ್ಟೆ ತರಲು ಇಬ್ಬರೂ ಹಿತ್ತಲಿಗೆ ಹೋದೆವು. ಪಕ್ಕದ ಮನೆಯ ರಾಬರ್ಟ್ ಎಂಬ ಮುದುಕ ಗಾಜಿನ ಗೂಡಿನಲ್ಲಿ ಬೆಳೆಸಿದ ಟೊಮೇಟೊ ಗಿಡಗಳಿಗೆ ನೀರು ಬಿಟ್ಟು, ಪೈಪು ಸುತ್ತುತ್ತಿದ್ದ. ಸರಸು ಕ್ಯಾಂಟೀನು ತೆರೆದಂದಿನಿಂದ ಒಂದು ಗುರುವಾರವೂ ತಪ್ಪಿಸದೆ ಅಲ್ಲಿ ಊಟ ಮಾಡುವವನು. ಇಟ್ಟಿಗೆಯ ಮಾದರಿ ನೋಡಲು ಮಧ್ಯಾಹ್ನ ಅವನೂ ಹೋಗಿದ್ದನಂತೆ.

"ಚೆನ್ನಾಗಿ ಮಾಡಿದ್ದಾರೆ, ಒಪ್ಪಬೇಕು" ಎಂದ. ಪೈಪಿನ ಕೊನೆಯ ಸುತ್ತು ಸುತ್ತಿ ಮೊಳೆಗೆ ತೂಗುಹಾಕಿದ. "ಆದರೆ ಈ ಗೋಡೆಯ ಆಚೆ, ಗೇಟಿನ ಹತ್ತಿರ, ಲೈಬ್ರರಿಗಿಂತ ಎತ್ತರಕ್ಕೆ ಅದೇನೋ ಹೊಸ ಕಟ್ಟಡ ಎಬ್ಬಿಸುತ್ತಿದ್ದಾರಲ್ಲ, ನೋಡಿದಿರಾ? ನನ್ನ ಟೊಮೇಟೊಗೆ ಬಿಸಿಲೇ ಇರುವುದಿಲ್ಲ. ಸೋಮವಾರ ಒಂದು ಪತ್ರ ಬರೆದು ಹಾಕುತ್ತೇನೆ, ಅಂಥ ಕಟ್ಟಡ ನಮಗೆ ಬೇಡ ಅಂತ. ಇಲ್ಲಿ ಇರುವವರನ್ನು ಒಂದು ಮಾತು ಕೇಳುವುದು ಬೇಡವೇ?"